ಫೋಟೋ ತೆಗೆಯಲು ಫೋಟೋ ಸಂಘ ಬಿಟ್ಟವರು

ನಮ್ಮೂರಿನ ಛಾಯಾಗ್ರಹಣ ಸಂಘದ ಗೌರವ ಕಾರ್ಯದರ್ಶಿಗಳು ರಾಜೀನಾಮೆ ಕೊಟ್ಟ ಸುದ್ದಿಯನ್ನು ನೀವೂ ನೋಡಿರುತ್ತೀರಿ. ಪತ್ರಿಕೆಯ ಮೂರನೇ ಪುಟದಲ್ಲಿ, ಬೋರ್‌ವೆಲ್ ಜಾಹೀರಾತಿನ ಪಕ್ಕ ಬಂದಿತ್ತು. ಕಾರಣ: ‘ಇನ್ನು ಮುಂದೆ ಪೂರ್ಣಾವಧಿ ಛಾಯಾಗ್ರಹಣದಲ್ಲಿ ತೊಡಗಿಸಿಕೊಳ್ಳುವ ಸಲುವಾಗಿ.’ ಎರಡು ಸಲ ಓದಿದೆ. ಒಂಬತ್ತು ವರ್ಷ ಫೋಟೋ ಸಂಘದಲ್ಲಿದ್ದ ಮನುಷ್ಯ ಫೋಟೋ ತೆಗೆಯಬೇಕು ಅನ್ನಿಸಿದ್ದಕ್ಕೆ ಸಂಘ ಬಿಡುತ್ತಿದ್ದಾನೆ. ಸುದ್ದಿಯ ಪಕ್ಕದಲ್ಲೇ ಅವರದೊಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ಮೀಸೆ ಕಪ್ಪಗಿದ್ದ ಕಾಲದ್ದು. ಕೆಳಗೆ ‘ಸಂಗ್ರಹ ಚಿತ್ರ’ ಎಂದಿತ್ತು.

ಈ ಪಾಸ್‌ಪೋರ್ಟ್ ಫೋಟೋದ ಕಥೆ ನನಗೆ ಗೊತ್ತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಅಂತ ಒಂದಿದೆ. ವಾರ್ಷಿಕ ಮಹಾಸಭೆ ಮುಗಿದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸಲು ಹೋದಾಗ ಗುಮಾಸ್ತರು ‘ಎಲ್ಲಿ ಸಾರ್ ನಿಮ್ಮ ಫೋಟೋ?’ ಎಂದರಂತೆ. ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ, ನಾಲ್ವರೂ ಮುಖ ಮುಖ ನೋಡಿಕೊಂಡರು. ನಾಲ್ವರ ಮನೆಯಲ್ಲಿ ಒಟ್ಟು ಹನ್ನೊಂದು ಕ್ಯಾಮೆರಾ ಇದ್ದವು. ಕೊನೆಗೆ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನೀಲಿ ಪರದೆಯ ಮುಂದೆ ಸಾಲಾಗಿ ಕೂತು ತೆಗೆಸಿಕೊಂಡು ಬಂದರು. ತೆಗೆದ ಹುಡುಗ ಇವರ ಅಧ್ಯಕ್ಷರಿಗೆ ‘ಸಾರ್, ಗಲ್ಲ ಸ್ವಲ್ಪ ಕೆಳಗೆ’ ಎಂದು ಹೇಳಿಕೊಟ್ಟನಂತೆ. ಅಧ್ಯಕ್ಷರು ಹೊಸಬರಿಗೆ ನಡೆಸುವ ಭಾವಚಿತ್ರ ಶಿಬಿರದ ಮೊದಲ ಪಾಠವೂ ಅದೇ.

ಹೀಗಾಗಿ ಕಾರ್ಯದರ್ಶಿಗಳ ರಾಜೀನಾಮೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸಂಬಳವಿಲ್ಲದ ಹುದ್ದೆಯನ್ನು ತ್ಯಜಿಸಿ ಆದಾಯವಿಲ್ಲದ ವೃತ್ತಿಗೆ ಕಾಲಿಡಲು ಎದೆಗಾರಿಕೆ ಬೇಕು.

ಫೋಟೋ ಸಂಘದ ಕಾರ್ಯದರ್ಶಿ ಎಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬೆಳ್ಳಂಬೆಳಗ್ಗೆ ಕಾರಂಜಿ ಕೆರೆಗೋ ರಂಗನತಿಟ್ಟಿಗೋ ಹೊರಡುವ ಭಾಗ್ಯವಂತ ಅಂದುಕೊಳ್ಳುತ್ತಾರೆ. ಅಲ್ಲಿಗೆ ಹೋಗುವವರು ಸದಸ್ಯರು. ಕಾರ್ಯದರ್ಶಿ ಆ ಹೊತ್ತಿನಲ್ಲಿ ಸದಸ್ಯರಿಗೆ ಟೆಂಪೋ ಟ್ರಾವೆಲರ್ ಬಂತೋ ಇಲ್ಲವೋ ಎಂದು ಡ್ರೈವರ್‌ಗೆ ಫೋನ್ ಮಾಡುತ್ತಿರುತ್ತಾರೆ. ಆಮೇಲೆ ಸಲೂನ್. ಇದು ಕ್ಷೌರದಂಗಡಿಯಲ್ಲ, ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆ. ಆದರೆ ಪ್ರವೇಶ ಶುಲ್ಕ ಕಟ್ಟುವವರ ಮಟ್ಟಿಗೆ ಬೋಳಿಸುವ ಕೆಲಸ ಎರಡೂ ಕಡೆ ಒಂದೇ. ವರ್ಣ, ಕಪ್ಪು-ಬಿಳುಪು, ನಿಸರ್ಗ, ಪ್ರವಾಸ ಎಂದು ವಿಭಾಗಗಳು. ಮೂವರು ತೀರ್ಪುಗಾರರು. ಅವರಲ್ಲೊಬ್ಬರಿಗೆ ಸಕ್ಕರೆಯಿಲ್ಲದ ಕಾಫಿ, ಒಬ್ಬರಿಗೆ ಈರುಳ್ಳಿಯಿಲ್ಲದ ಸಾಗು, ಇನ್ನೊಬ್ಬರಿಗೆ ಮೊದಲಿಬ್ಬರ ಜೊತೆ ಮಾತಿಲ್ಲ. ಮೂರು ದಿನ ಇವರನ್ನು ಸಂಭಾಳಿಸಿದ ಮೇಲೆ ವಿದೇಶದ ವಿಜೇತರಿಗೆ ಪದಕ ಕಳಿಸಬೇಕು. ಅಂಚೆ ಕಚೇರಿಯಲ್ಲಿ ನಮೂನೆಯ ಮೇಲೆ ‘ಚಿನ್ನದ ಪದಕ’ ಎಂದು ಬರೆದರು ನಮ್ಮ ಕಾರ್ಯದರ್ಶಿಗಳು.

‘ಚಿನ್ನಾನ ಹೀಗೆಲ್ಲ ಕಳಿಸೋ ಹಾಗಿಲ್ಲ ಸಾರ್.’

‘ಚಿನ್ನ ಅಲ್ಲಮ್ಮ, ಚಿನ್ನದ ಬಣ್ಣ ಅಷ್ಟೇ.’

‘ಮತ್ತೆ ಚಿನ್ನ ಅಂತ ಸುಳ್ಳು ಬರೆದಿದ್ದೀರಲ್ಲ?’

ಒಂಬತ್ತು ವರ್ಷದಲ್ಲಿ ಆ ಸಲೂನಿನ ಬಗ್ಗೆ ಬಂದ ಅತಿ ನಿಖರವಾದ ವಿಮರ್ಶೆ ಅದು ಎಂದು ಕಾರ್ಯದರ್ಶಿಗಳೇ ನನಗೆ ಹೇಳಿದರು.

ಪದಕದ ಜೊತೆ ಪದವಿಗಳೂ ಇವೆ. 1950ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಎಫ್‌ಐಎಪಿ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಕೊಡುವಂಥವು. ಇಷ್ಟು ದೇಶಗಳ ಇಷ್ಟು ಸ್ಪರ್ಧೆಗಳಲ್ಲಿ ಇಷ್ಟು ಚಿತ್ರ ಆಯ್ಕೆಯಾದರೆ ಹೆಸರಿನ ಮುಂದೆ ಎಎಫ್‌ಐಎಪಿ ಎಂದು ಹಾಕಿಕೊಳ್ಳಬಹುದು. ಇನ್ನಷ್ಟಾದರೆ ಇಎಫ್‌ಐಎಪಿ. ಅದಾದ ಮೇಲೆ ಅದರಲ್ಲೇ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ. ಅಲ್ಲಿಗೂ ತೃಪ್ತಿಯಾಗದಿದ್ದರೆ ವಜ್ರ, ವಜ್ರದಲ್ಲಿ ಮೂರು ದರ್ಜೆ. ಅಕ್ಷಯ ತೃತೀಯದ ದಿನ ಚಿನ್ನದಂಗಡಿಯಲ್ಲೂ ಇಷ್ಟು ಬಗೆ ಇರುವುದಿಲ್ಲ. ಆ ಪದವಿ ಯೋಗ್ಯರಿಗೂ ಬಂದಿದೆ, ಇಲ್ಲವೆನ್ನುವುದಿಲ್ಲ. ಆದರೆ ಆಯ್ಕೆಯ ಲೆಕ್ಕ ತುಂಬಿಸುವ ಭರದಲ್ಲಿ ನಮ್ಮವರೆಲ್ಲ ಒಂದೇ ಫೋಟೋ ತೆಗೆಯುವುದನ್ನು ಕಲಿತುಬಿಟ್ಟರು. ಕಂಬಳದ ಕೋಣ, ಕೆಸರು, ಓಡಿಸುವವನ ಬಾಯಿ ಅಗಲ. ಸುಕ್ಕುಗಟ್ಟಿದ ಮುಖದ ಅಜ್ಜಿ, ಪಕ್ಕದಲ್ಲಿ ಕಿಟಕಿ. ಬೆಳಗಿನ ಬಿಸಿಲಲ್ಲಿ ಕುರಿಮಂದೆ, ಧೂಳು, ಕಂಬಳಿ ಹೊದ್ದ ಕುರಿಗಾಹಿ. ಆ ಕುರಿಗಾಹಿಗೆ ಇನ್ನೂರು ರೂಪಾಯಿ ಕೊಟ್ಟು, ಒಂದೇ ಮರದ ಕೆಳಗೆ ಕುರಿಗಳನ್ನು ನಾಲ್ಕು ಸಲ ಓಡಿಸಿ ಧೂಳೆಬ್ಬಿಸುವುದನ್ನು ನಾನೇ ನಿಂತು ನೋಡಿದ್ದೇನೆ. ಐದನೇ ಸಲ ಕುರಿಗಳು ಏಳಲಿಲ್ಲ. ಆಗ ಆತ ಕೇಳಿದ, ‘ಸ್ವಾಮಿ, ನೀವು ಹೋದ್ ವಾರಾನೂ ಇದೇ ಫೋಟೋ ತಗೊಂಡ್ರಲ್ಲ, ಚೆನ್ನಾಗ್ ಬರಲಿಲ್ವಾ?’ ಹೋದ ವಾರ ಬಂದಿದ್ದು ಬೇರೆ ಊರಿನ ಸಂಘ.

ಸಂಡೂರಿನ ಎಂ.ವೈ. ಘೋರ್ಪಡೆಯವರನ್ನು ಇಲ್ಲಿ ನೆನೆಯಬೇಕು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳ ಫೋಟೋ ತೆಗೆಯುವುದರಲ್ಲೂ ಎತ್ತಿದ ಕೈ. ಒಂದು ರಾಜ್ಯದ ಬಜೆಟ್ ಬರೆದವರಿಗೆ ಆನೆಯ ಮುಂದೆ ಗಂಟೆಗಟ್ಟಲೆ ಕೂರುವ ತಾಳ್ಮೆಯೂ ಹೊತ್ತೂ ಉಳಿದಿತ್ತು. ನಮ್ಮ ಕಾರ್ಯದರ್ಶಿಗಳಿಗೆ ಸಂಘದ ಜಮಾ-ಖರ್ಚು ಹೊಂದಿಸುವಷ್ಟರಲ್ಲಿ ಮೂರು ವರ್ಷ ಶಟರ್ ಒತ್ತಲು ಆಗಿರಲಿಲ್ಲ. ಲೆನ್ಸಿನೊಳಗೆ ಬೂಸರು ಬಂದಿತ್ತು. ಆ ಬೂಸರು ನೋಡಿಯೇ ರಾಜೀನಾಮೆ ಬರೆದೆ ಅಂದರು. ನಾನು ನಂಬುತ್ತೇನೆ.

ಇರಲಿ, ಈಗ ಅವರು ಪೂರ್ಣಾವಧಿ. ಮೊದಲ ಬೆಳಗ್ಗೆ ಉತ್ಸಾಹದಿಂದ ಕೆರೆಗೆ ಹೋದರು. ಗೇಟಿನವನು ತಡೆದ. ‘ಕ್ಯಾಮೆರಾ ಒಳಗೆ ಬಿಡಲ್ಲ ಸಾರ್. ಮೊಬೈಲಾದ್ರೆ ಪರವಾಗಿಲ್ಲ.’ ಅವನ ಹಿಂದೆ ಇಪ್ಪತ್ತು ಜನ ಇನ್ನೂರು ಮೆಗಾಪಿಕ್ಸೆಲ್ಲಿನ ಮೊಬೈಲು ಹಿಡಿದು ರೀಲ್ಸಿಗೆ ಕುಣಿಯುತ್ತಿದ್ದರು. ಕ್ಯಾಮೆರಾ ಕಪ್ಪಗೆ ದಪ್ಪಗೆ ಇದ್ದರೆ ಅದು ‘ಕಮರ್ಷಿಯಲ್’. ಕಾಡಿನ ಕಡೆಯದು ಇನ್ನೂ ಸೊಗಸು. ಕಬಿನಿ ಸಫಾರಿಗೆ ಹೋದವರಿಗೆ ಗೊತ್ತು, ಅಲ್ಲಿ ಲೆನ್ಸಿನ ಮಿಲಿಮೀಟರ್ ನೋಡಿ ಶುಲ್ಕ. ಲೆನ್ಸ್ ಉದ್ದವಾದಷ್ಟೂ ದುಡ್ಡು ಜಾಸ್ತಿ. ಹುಲಿಯಿಂದ ದೂರ ಕೂತು ಅದಕ್ಕೆ ತೊಂದರೆ ಕೊಡದೆ ಫೋಟೋ ತೆಗೆಯುವವನ ಲೆನ್ಸು ಉದ್ದವಾಗಿಯೇ ಇರುತ್ತದಲ್ಲ? ಅವನು ಹೆಚ್ಚು ಕಟ್ಟಬೇಕು. ‘ಡ್ರೈವರ್, ಇನ್ನೂ ಹತ್ತಿರ, ಇನ್ನೂ ಹತ್ತಿರ’ ಎಂದು ಮೊಬೈಲು ಚಾಚುವವನಿಗೆ ಪುಕ್ಕಟೆ. ಈ ನಿಯಮ ಬರೆದ ಪುಣ್ಯಾತ್ಮನಿಗೆ ಒಂದು ವಜ್ರದ ದರ್ಜೆ ಕೊಡಿಸಬೇಕು.

ಹೊಟ್ಟೆಪಾಡಿಗೆ ಕೆರೆಯೂ ಕಾಡೂ ಆಗುವುದಿಲ್ಲ, ಮದುವೆಯೇ ಗತಿ. ಮದುವೆಗೆ ಮೊದಲು ಪ್ರೀ-ವೆಡ್ಡಿಂಗು. 2024ರ ಫೆಬ್ರವರಿಯಲ್ಲಿ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಏನಾಯಿತು ಅಂತ ಮತ್ತೆ ಹೇಳಬೇಕಿಲ್ಲ. ಆಪರೇಷನ್ ಥಿಯೇಟರಿನಲ್ಲಿ ದೀಪ ಹಾಕಿ, ರೋಗಿಯೊಬ್ಬನನ್ನು ಮಲಗಿಸಿದಂತೆ ಮಾಡಿ, ವಧೂವರರು ಸುಳ್ಳು ಆಪರೇಷನ್ ಮಾಡಿದರು. ವರನೇ ಆಗಿದ್ದ ಗುತ್ತಿಗೆ ವೈದ್ಯರ ಕೆಲಸ ಹೋಯಿತು. ಮಂತ್ರಿಗಳು ಮಾತಾಡಿದರು, ಟಿವಿಯವರು ಮಾತಾಡಿದರು, ನಾವೆಲ್ಲ ಮಾತಾಡಿದೆವು. ಫೋಟೋ ತೆಗೆದವನಿಗೆ ಬಾಕಿ ದುಡ್ಡು ಬಂತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಮ್ಮ ಕಾರ್ಯದರ್ಶಿಗಳು ಕೇಳಿದರು. ವೃತ್ತಿಗೆ ಬಂದ ಲಕ್ಷಣ ಅದು.

ಮದುವೆ ಮಂಟಪದಲ್ಲಿ ಪುರೋಹಿತರಿಗೂ ಫೋಟೋದವರಿಗೂ ಇರುವ ಸಂಬಂಧ ಹಳೆಯ ದಾಯಾದಿಗಳದ್ದು. ಇವರು ಮುಹೂರ್ತ ನೋಡುತ್ತಾರೆ, ಅವರು ಬೆಳಕು ನೋಡುತ್ತಾರೆ. ತಾಳಿ ಕಟ್ಟಿ ಆದ ಮೇಲೆ ‘ಇನ್ನೊಂದ್ಸಲ ಕಟ್ಟೋ ಥರ ಮಾಡಿ’ ಎನ್ನುವ ಅಧಿಕಾರ ಫೋಟೋದವರಿಗೆ ಬಿಟ್ಟರೆ ಯಾವ ದೇವರಿಗೂ ಇಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಕಲ್ಯಾಣ ಮಂಟಪದ ಫ್ಯಾನಿನತ್ತ ಬೆರಳು ತೋರಿಸಿ ವಧೂವರರು ಅರುಂಧತಿ ನಕ್ಷತ್ರ ನೋಡುತ್ತಾರೆ, ‘ಮೇಡಂ, ಸ್ವಲ್ಪ ನಗಬೇಕು.’ ಇಷ್ಟೆಲ್ಲ ಅಧಿಕಾರ ಚಲಾಯಿಸಿದವನಿಗೆ ಊಟ ಮಾತ್ರ ಕೊನೆಯ ಪಂಕ್ತಿಯಲ್ಲಿ. ಒಬ್ಬಟ್ಟು ಅಷ್ಟೊತ್ತಿಗೆ ಮುಗಿದಿರುತ್ತದೆ. ಆಲ್ಬಮ್ಮಿನಲ್ಲಿ ಮಾತ್ರ ಒಬ್ಬಟ್ಟಿನ ಕ್ಲೋಸಪ್ಪು ಮೂರು.

ಉಳಿದದ್ದು ಕ್ರೆಡಿಟ್. ದಿನಸಿ ಅಂಗಡಿಯಲ್ಲಿ ಕ್ರೆಡಿಟ್ ಎಂದರೆ ಮುಂದೊಂದು ದಿನ ಕೊಡಬೇಕಾದ ದುಡ್ಡು. ಫೋಟೋದವನಿಗೆ ಕ್ರೆಡಿಟ್ ಎಂದರೆ ಎಂದೂ ಕೊಡಬೇಕಿಲ್ಲದ ದುಡ್ಡು. ‘ನಿಮ್ಮ ಗುಬ್ಬಚ್ಚಿ ಫೋಟೋ ನಮ್ಮ ಕ್ಯಾಲೆಂಡರಿಗೆ ಹಾಕ್ಕೊಂಡಿದ್ದೀವಿ ಸಾರ್, ಹೆಸರು ಹಾಕಿದ್ದೀವಿ.’ ಹೆಸರು ತಪ್ಪಾಗಿರುತ್ತದೆ. ಗುಬ್ಬಚ್ಚಿಯೂ ಗುಬ್ಬಚ್ಚಿಯಲ್ಲ, ರಾಟವಾಳ.

ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ ಅಂತ ಇದೇ ಜನ ಶುಭಾಶಯ ಕಳಿಸುತ್ತಾರೆ. ಆ ದಿನ ಯಾಕೆ? 1839ರ ಆಗಸ್ಟ್ 19ರಂದು ಫ್ರಾನ್ಸ್ ಸರ್ಕಾರ ಡಗೇರ್ ಎಂಬ ಫ್ರೆಂಚನ ಫೋಟೋ ತೆಗೆಯುವ ವಿಧಾನವನ್ನು ಜಗತ್ತಿಗೆಲ್ಲ ಪುಕ್ಕಟೆ ಎಂದು ಸಾರಿತು. ಈ ಪುಕ್ಕಟೆಯನ್ನು ನಮ್ಮವರು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಮರೆತಿರುವುದು ಮಿಕ್ಕ ಕಥೆ. ಡಗೇರನಿಗೆ ಫ್ರೆಂಚ್ ಸರ್ಕಾರ ವರ್ಷಕ್ಕೆ 6,000 ಫ್ರಾಂಕ್ ಪಿಂಚಣಿ ಕೊಟ್ಟಿತು, ಮೊದಲು ಈ ಕೆಲಸ ಶುರು ಮಾಡಿ ಸತ್ತುಹೋಗಿದ್ದ ನಿಯೆಪ್ಸನ ಮಗನಿಗೆ 4,000. ಅಷ್ಟೇ ಅಲ್ಲ, ಆ ಘೋಷಣೆಗೆ ಐದು ದಿನ ಮೊದಲೇ ಡಗೇರನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿಹೋಗಿತ್ತು. ಅಂದರೆ ಜಗತ್ತಿಗೆಲ್ಲ ಪುಕ್ಕಟೆ, ಇಂಗ್ಲಿಷರು ಮಾತ್ರ ದುಡ್ಡು ಬಿಚ್ಚಬೇಕು. ಸರ್ಕಾರಿ ಪಿಂಚಣಿಯನ್ನೂ ರಾಯಧನವನ್ನೂ ಒಟ್ಟಿಗೆ ಪಡೆದ ಛಾಯಾಗ್ರಾಹಕ ಬೇರೊಬ್ಬನಿದ್ದರೆ ಹೇಳಿ, ನಮ್ಮ ಸಂಘದಿಂದ ಪೇಟ ತೊಡಿಸೋಣ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ದುಡ್ಡು ಕೊಟ್ಟು ಫೋಟೋ ತೆಗೆಸಿದವನೇ ಅದರ ಮೊದಲ ಒಡೆಯ. ಸರಿಯೋ ತಪ್ಪೋ, ಅದರಲ್ಲಿ ದುಡ್ಡು ಕೊಡುವ ಮಾತಾದರೂ ಇದೆ. ನಾವು ಕಂಡುಕೊಂಡಿರುವ ಪದ್ಧತಿಯಲ್ಲಿ ದುಡ್ಡು ಕೊಡದವನೂ ಒಡೆಯ. ಸರ್ಕಾರದ ಇಲಾಖೆಗಳು ಬಹುಮಾನದ ಆಸೆ ತೋರಿಸಿ ಸ್ಪರ್ಧೆ ಕರೆಯುತ್ತವೆ, ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ‘ಬಂದ ಎಲ್ಲ ಚಿತ್ರಗಳನ್ನೂ ಬಳಸುವ ಹಕ್ಕು ಇಲಾಖೆಯದು’. ಗೆದ್ದ ಮೂರು ಚಿತ್ರಗಳದ್ದಲ್ಲ, ಬಂದ ಎಲ್ಲವೂ. ಸಾವಿರ ಫೋಟೋ ಮೂರು ಬಹುಮಾನದ ಬೆಲೆಗೆ. ಇದು ಸ್ಪರ್ಧೆಯಲ್ಲ, ವಸೂಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಷ್ಟು ಚಿತ್ರ ನೋಡಿದೆವು, ಎಷ್ಟು ಹಂಚಿಕೊಂಡೆವು. ಮಣ್ಣು ಜಾರುತ್ತಿದ್ದ ಜಾಗದಲ್ಲಿ ನಿಂತು ಅದನ್ನು ತೆಗೆದವರಲ್ಲಿ ಒಬ್ಬರ ಹೆಸರಾದರೂ ನಿಮಗೆ ನೆನಪಿದೆಯಾ? ನನಗಿಲ್ಲ. ನಾನೂ ಹಂಚಿಕೊಂಡವನೇ. ಮನುಷ್ಯ ಮಳೆಯಲ್ಲಿ ಜೀವ ಒತ್ತೆಯಿಟ್ಟು ಹೋಗಿ ಫೋಟೋ ತೆಗೆದು ಬಂದ, ಕೆಳಗೆ ‘ಸಂಗ್ರಹ ಚಿತ್ರ’ ಎಂದು ಬಿತ್ತು. ಯಾರು ಸಂಗ್ರಹಿಸಿದ್ದು? ಯಾರಪ್ಪನ ಮನೆಯ ಸಂಗ್ರಹ?

ನಿಜ ಹೇಳಬೇಕೆಂದರೆ ಕಾರ್ಯದರ್ಶಿಗಳಿಗೆ ಈ ಸಿಟ್ಟು ನನ್ನಷ್ಟಿಲ್ಲ. ಅವರ ಮನೆಯವರು ಅದಕ್ಕೂ ಮೊದಲೇ ಪಳಗಿದ್ದಾರೆ. ‘ಇವರು ಮೊದಲು ಪುಕ್ಕಟೆ ಸಂಘದ ಕೆಲಸ ಮಾಡ್ತಿದ್ರು, ಈಗ ಪುಕ್ಕಟೆ ಫೋಟೋ ಕೆಲಸ ಮಾಡ್ತಾರೆ. ಬೆಳಗ್ಗೆ ಬೇಗ ಏಳ್ತಾರೆ, ಅದೊಂದು ವ್ಯತ್ಯಾಸ,’ ಅಂದರು ನನಗೆ ಕಾಫಿ ಕೊಡುತ್ತ.

ಮೊನ್ನೆ ಸಂಘದ ಹೊಸ ಕಾರ್ಯದರ್ಶಿ ಅವರಿಗೆ ಫೋನ್ ಮಾಡಿದ್ದರು. ಈ ವರ್ಷದ ಸಲೂನಿನ ಬಹುಮಾನ ವಿತರಣೆ, ದೊಡ್ಡ ಸಭಾಂಗಣ, ಮಂತ್ರಿಗಳು ಬರುತ್ತಾರೆ. ಸದಸ್ಯರೆಲ್ಲ ಶಾಲು ಹೊದಿಸಿಕೊಳ್ಳಲು ವೇದಿಕೆಯ ಮೇಲೇ ಇರುವುದರಿಂದ ಫೋಟೋ ತೆಗೆಯಲು ಯಾರೂ ಇಲ್ಲ. ‘ನೀವು ನಮ್ಮವರೇ ಅಲ್ವಾ ಸಾರ್, ದುಡ್ಡಿನ ಮಾತೇನು ಬೇಡ. ಊಟ ಇದೆ.’

ಹೋದರು. ನಾನೂ ಹೋಗಿದ್ದೆ. ಒಂಬತ್ತು ವರ್ಷ ಹೊಂದಿಸಿದ ಅದೇ ಕುರ್ಚಿಗಳ ನಡುವೆ ಬಗ್ಗಿ, ಎದ್ದು, ಮಂಡಿಯೂರಿ ಕೆಲಸ ಮಾಡಿದರು. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು, ಮುಖದಲ್ಲಿ ಮಾತ್ರ ಏನೋ ಗೆಲುವು. ಮೂರು ವರ್ಷದ ನಂತರ ಆ ಲೆನ್ಸಿಗೆ ಬೆಳಕು ಬಿದ್ದಿತ್ತು. ಮಂತ್ರಿಗಳು ದೀಪ ಹಚ್ಚುವಾಗ ಇವರು ಒಳ್ಳೆಯ ಕೋನ ಹಿಡಿದು ನಿಂತಿದ್ದರು, ಅಷ್ಟರಲ್ಲಿ ಅಧ್ಯಕ್ಷರು ಮೈಕಿನಲ್ಲಿ ಹೇಳಿದರು:

‘ಏ ಫೋಟೋದವ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ, ನಮ್ಮವರು ಮೊಬೈಲಲ್ಲಿ ತಗೊಳ್ತಿದ್ದಾರೆ.’