ತಡೀರಿ ಸಾರ್, ಕ್ರಾಪು ಬಾಚ್ಕೋತೀನಿ

ನಿನ್ನೆ ಬೆಳಿಗ್ಗೆ ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಮೂರು ಜನ ನನ್ನನ್ನು ಮೂರು ಥರ ತಿಳಿದುಕೊಂಡರು. ಹೂವಿನವಳಿಗೆ ನಾನು ಪೇಪರ್‌ನವನು. ತೆಂಗಿನಕಾಯಿಯವನಿಗೆ ರಸ್ತೆ ಅಗಲ ಮಾಡಲು ಅಳತೆಗೆ ಬಂದವನು. ಪಾಪ, ಬೀದಿಗೆ ಚಾಚಿಟ್ಟಿದ್ದ ಕಾಯಿ ಬುಟ್ಟಿಯನ್ನು ಎರಡಡಿ ಒಳಗೆ ಎಳೆದುಕೊಂಡ. ಮೂರನೆಯವರು ನಮ್ಮ ಬೀದಿಯವರೇ. "ಏನಪ್ಪಾ, ಕೆಲಸ ಬಿಟ್ಯಾ?" ಅಂದರು.

ಕೆಲಸ ಬಿಟ್ಟಿಲ್ಲ. ಕ್ಯಾಮೆರಾ ತಗೊಂಡಿದ್ದೇನೆ, ಅಷ್ಟೇ. ಇನ್ನೂ 11 ಕಂತು ಬಾಕಿ ಇದೆ, ಕೆಲಸ ಬಿಡೋದೆಲ್ಲಿ ಬಂತು?

ಸ್ಟ್ರೀಟ್ ಫೋಟೋಗ್ರಫಿ ಅಂದರೆ ಜನ ತಮ್ಮ ಪಾಡಿಗೆ ಇರುವಾಗ, ಅವರ ಗಮನಕ್ಕೆ ಬಾರದ ಹಾಗೆ ಕ್ಲಿಕ್ಕಿಸೋದು. ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸ್ಸನ್ ಇದರಲ್ಲಿ ದೊಡ್ಡ ಹೆಸರು. ಪುಟ್ಟ ಲೈಕಾ ಕ್ಯಾಮೆರಾ, 50 ಎಂಎಂ ಲೆನ್ಸು, ಹೊಳೆಯುವ ಕಡೆಗೆಲ್ಲ ಕಪ್ಪು ಟೇಪು. 1948ರಲ್ಲಿ ಗಾಂಧೀಜಿಯ ಕೊನೆಯ ದಿನಗಳ ಫೋಟೋ ತೆಗೆದ ಪುಣ್ಯಾತ್ಮ. ನನಗೆ ಗಾಂಧಿ ಬಜಾರ್ ಸಿಕ್ಕಿತು. ನಾನೂ 50 ಎಂಎಂ ಲೆನ್ಸೇ ಕೊಂಡೆ, ಟೇಪನ್ನೂ ಅಂಟಿಸಿದೆ. ಪ್ಯಾರಿಸ್ಸಿನಲ್ಲಿ ಜನರ ನಡುವೆ ಕಾಣದ ಹಾಗೆ ಓಡಾಡಬಹುದು ಸ್ವಾಮಿ. ಶಿವಮೊಗ್ಗದಲ್ಲಿ ಗೋಪಿ ಸರ್ಕಲ್ ದಾಟುವಷ್ಟರಲ್ಲಿ ನಾಲ್ಕು ಜನ "ತಿಂಡಿ ಆಯ್ತಾ?" ಅಂತ ಕೇಳಿರುತ್ತಾರೆ.

ಹಾಗೂ ಹೀಗೂ ಒಂದು ಒಳ್ಳೇ ದೃಶ್ಯ ಸಿಕ್ಕಿತು. ವೀಳ್ಯದೆಲೆ ಮಾರುವ ಯಜಮಾನರು. ಮೇಲೆ ಕಟ್ಟಿದ ಟಾರ್ಪಾಲಿನ ತೂತಿನಿಂದ ಬಿಸಿಲು ಓರೆಯಾಗಿ ಬಂದು ಒದ್ದೆ ಎಲೆಗಳ ಮೇಲೆ ಬಿದ್ದಿತ್ತು. ಕನ್ನಡಕ ಮೂಗಿನ ತುದಿಯಲ್ಲಿ. ಎಲೆ ಎಣಿಸುತ್ತಾ ತುಟಿ ಮಾತ್ರ ಅಲ್ಲಾಡುತ್ತಿತ್ತು. ಶಟರ್ 1/250ಕ್ಕೆ ಇಟ್ಟುಕೊಂಡೆ. ಒಂದು ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ. ನಾನು ಅವರಿಂದ ಕೇಳಿದ್ದು ಅಷ್ಟೇ.

ಅವರು ತಲೆ ಎತ್ತಿದರು.

"ತಡೀರಿ ಸಾರ್."

ಮೊದಲು ಕನ್ನಡಕ ತೆಗೆದು ಜೇಬಿಗಿಟ್ಟರು. ಅದೇ ಜೇಬಿನಿಂದ ಬಾಚಣಿಗೆ ಬಂತು. ಕೂದಲು ಜಾಸ್ತಿ ಏನೂ ಇರಲಿಲ್ಲ, ಆದರೂ ಬೈತಲೆ ತೆಗೆದರು. ಕತ್ತಿನ ತನಕ ಗುಂಡಿ ಹಾಕಿಕೊಂಡರು. ಆಮೇಲೆ "ಇಲ್ಲಿ ಕತ್ಲು" ಅನ್ನುತ್ತಾ ಟಾರ್ಪಾಲನ್ನೇ ಪಕ್ಕಕ್ಕೆ ಸರಿಸಿಬಿಟ್ಟರು! ನನ್ನ ಓರೆ ಬಿಸಿಲು ಅಲ್ಲಿಗೆ ಮುಗಿಯಿತು. ಪಕ್ಕದ ನಿಂಬೆಹಣ್ಣಿನವನನ್ನು ಕೂಗಿ ಕರೆದು ನಿಲ್ಲಿಸಿಕೊಂಡರು. ಇಬ್ಬರೂ ಕೈ ಕೆಳಗೆ ಬಿಟ್ಟು, ಉಸಿರು ಹಿಡಿದು, ರಾಷ್ಟ್ರಗೀತೆಗೆ ನಿಂತ ಹಾಗೆ ನಿಂತರು.

"ಯಜಮಾನ್ರೇ, ಸುಮ್ನೆ ಎಲೆ ಎಣಿಸ್ತಾ ಇರಿ. ನಾನು ಇಲ್ಲಿಲ್ಲ ಅಂದ್ಕೊಳ್ಳಿ."

"ಇಲ್ಲೇ ಇದ್ದೀರಲ್ಲ ಸಾರ್!"

ಸರಿ, ನನ್ನ ಮಾತಿಗೆ ಬೆಲೆ ಕೊಟ್ಟು ಎಣಿಸಿದರು. ಕಣ್ಣು ಮಾತ್ರ ನೆಟ್ಟಗೆ ಲೆನ್ಸಿನ ಮೇಲೆ. ಅಷ್ಟರಲ್ಲಿ ಒಂದು ಸ್ಕೂಟರ್ ಫೋಟೋಗೆ ಅಡ್ಡ ಬರಬಾರದು ಅಂತ ನಿಂತಿತು. ಅದರ ಹಿಂದೆ ಆಟೋ, ಆಟೋ ಹಿಂದೆ ಈರುಳ್ಳಿ ಗಾಡಿ. ಯಾವ ಪೊಲೀಸರಿಗೂ ಜಗ್ಗದ ಗಾಂಧಿ ಬಜಾರ್ ನನಗೋಸ್ಕರ ನಿಂತುಬಿಟ್ಟಿತು. ಬೀದಿ ನಡೆಯೋದನ್ನು ತೆಗೆಯಲು ಹೋದವನು ನಾನು!

"ಕಾಲು ಕಟ್ ಆಗ್ಬಾರ್ದು ಸಾರ್, ಫುಲ್ ಬರ್ಲಿ."

50 ಎಂಎಂ ಲೆನ್ಸಿನಲ್ಲಿ ಇಬ್ಬರು ಪೂರ್ತಿ ಬರಬೇಕು ಅಂದರೆ ಹಿಂದೆ ಹೋಗಬೇಕು. ಆ ಬೀದಿಯಲ್ಲಿ ಹಿಂದೆ ಎಲ್ಲಿದೆ ಜಾಗ? ಹೋದೆ, ಹೋದೆ, ತೆಂಗಿನಕಾಯಿ ಬುಟ್ಟಿ ಮೇಲೆ ಕೂತೆ.

"ಅಳತೆ ಆಯ್ತಾ ಸಾರ್?" ಅಂದ ಕಾಯಿಯವನು.

ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ರಾತ್ರಿ ಫೋಟೋ ನೋಡುತ್ತಿದ್ದೆ. ನಮ್ಮ ಅಜ್ಜನ ನೆನಪಾಯಿತು. ಸಾಗರದ ಕಡೆಯ ನಮ್ಮ ಹಳೇ ಮನೆಯಲ್ಲಿ ಅವರದ್ದು ಇರೋದು ಒಂದೇ ಫೋಟೋ. ಕುರ್ಚಿ ಮೇಲೆ ಕೈಯಿಟ್ಟು, ಕಣ್ಣು ಅಗಲಿಸಿ ನಿಂತದ್ದು. ಉಸಿರು ಬಿಟ್ಟಿರಲಿಕ್ಕಿಲ್ಲ. ಜಗಲಿಯಲ್ಲಿ ಕವಳ ಹಾಕಿಕೊಂಡು, ಮಳೆ ನೋಡುತ್ತಾ ಕೂತ ಅಜ್ಜನ ಫೋಟೋ ಯಾರೂ ತೆಗೆದಿಲ್ಲ. ಯಾರಾದರೂ ತೆಗೆಯಲು ಹೋಗಿದ್ದರೂ ಅಜ್ಜ ಎದ್ದು ಅಂಗಿ ಹುಡುಕುತ್ತಿದ್ದರು ಬಿಡಿ.

ಇವಳು ಇಣುಕಿ ನೋಡಿ, "ಇದೊಂದೇ ಚೆನ್ನಾಗಿ ಬಂದಿರೋದು. ಕಾಲೆಲ್ಲಾ ಬಂದಿದೆ" ಅಂದಳು.

ನಾಳೆ ಎರಡು ಪ್ರಿಂಟ್ ಕೊಟ್ಟು ಬರಬೇಕು, ನಿಂಬೆಹಣ್ಣಿನವನಿಗೂ ಒಂದು ಬೇಕಂತೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗೋಣ ಅಂತಿದ್ದೇನೆ. ಯಜಮಾನರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಓರೆ ಬಿಸಿಲಿನಲ್ಲಿ ಎಲೆ ಎಣಿಸುತ್ತಾ ಕೂತಿರುತ್ತಾರೆ, ನೋಡಿ ಬೇಕಾದರೆ.