ಬಾಯಿ ತೆರೆದ ಲಕೋಟೆ

ಬುಕ್ ಪೋಸ್ಟ್ ಅಂದರೆ ಏನು ಅಂತ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಲಕೋಟೆಯ ಬಾಯಿಗೆ ಗೋಂದು ಹಚ್ಚುವ ಹಾಗಿರಲಿಲ್ಲ, ಮಡಿಚಿ ಒಳಗೆ ಸಿಕ್ಕಿಸಬೇಕಿತ್ತು ಅಷ್ಟೇ. ಒಳಗೆ ಕ್ಷೇಮ ಸಮಾಚಾರದ ಕಾಗದ ಇಡುವ ಹಾಗಿರಲಿಲ್ಲ. ಅನುಮಾನ ಬಂದರೆ ಅಂಚೆಯವರು ತೆಗೆದು ನೋಡಬಹುದಿತ್ತು. ಅದಕ್ಕೇ ಸ್ಟಾಂಪಿನ ಖರ್ಚು ಕಮ್ಮಿ. ಕತೆ ಬರೆಯುವ ಬಡಪಾಯಿಗಳೆಲ್ಲ ಪತ್ರಿಕೆಗಳಿಗೆ ಹೀಗೇ ಕಳಿಸುತ್ತಿದ್ದೆವು. ಜೊತೆಗೆ ನಮ್ಮದೇ ವಿಳಾಸ ಬರೆದು, ಸ್ಟಾಂಪು ಹಚ್ಚಿದ ಇನ್ನೊಂದು ಲಕೋಟೆ. ಬೇಡವಾದ ಸಾಮಾನನ್ನು ದುಡ್ಡು ಕೊಟ್ಟು ವಾಪಸ್ ಕರೆಸಿಕೊಳ್ಳುವ ವ್ಯಾಪಾರ ಬೇರೆಲ್ಲೂ ಇರಲಿಕ್ಕಿಲ್ಲ.

ನಮ್ಮೂರ ಅಂಚೆ ಕಚೇರಿ ಅಂದರೆ ಪೋಸ್ಟ್ ಮಾಸ್ತರರ ಮನೆಯ ಜಗಲಿ. ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಮಸಿ ಒಣಗಿದ ಪ್ಯಾಡು. ಕೊಯ್ಲಿನ ಕಾಲದಲ್ಲಿ ಮೇಜಿನ ಕಾಲಿನವರೆಗೂ ಅಡಿಕೆ ರಾಶಿ. ಮಧ್ಯಾಹ್ನದ ಬಸ್ಸಿಗೆ ಟಪಾಲು ಚೀಲ ಹಾಕಿಬಿಟ್ಟರೆ ಮಾಸ್ತರರು ಮತ್ತೆ ತೋಟದ ಯಜಮಾನರು.

ನನ್ನ ಮೊದಲ ಕತೆ ಮೂರು ಸಲ ಆ ಜಗಲಿಯಿಂದ ಹೋಗಿ ಮೂರು ಸಲ ಅಲ್ಲಿಗೇ ಬಂದಿತ್ತು. ನಾಲ್ಕನೇ ಸಲ ಕೊಟ್ಟಾಗ ಅವರು ತಕ್ಕಡಿ ಮುಟ್ಟಲೇ ಇಲ್ಲ. ಕನ್ನಡಕ ಹಣೆಗೇರಿಸಿ, "ಮಾಣಿ, ಆ ಮೊದಲಿನ ಎರಡು ಪುಟ ಇನ್ನೂ ಇಟ್ಕಂಡಿದ್ಯಾ?" ಅಂದರು.

ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಸೂರ್ಯ ಹುಟ್ಟದು, ಹಕ್ಕಿ ಕೂಗದು, ಅದೆಲ್ಲ ಈ ಜಗಲಿಲಿ ಕೂತ್ರೆ ದಿನಾ ಕಾಣ್ತು. ಅಜ್ಜಿ ಬಸ್ಸಿಂದ ಇಳಿಯದು ಮೂರನೇ ಪುಟದಲ್ಲಿ. ಅಲ್ಲಿಂದ್ಲೇ ಶುರು ಮಾಡು."

ಮೈಯೆಲ್ಲ ಉರಿದುಹೋಯಿತು. ಮೂರು ಸಲವೂ ಓದಿದ್ದಾರೆ! ಕೇಳಿಯೇಬಿಟ್ಟೆ. ಅವರಿಗೆ ಒಂಚೂರೂ ಮುಜುಗರ ಇಲ್ಲ. "ಒಳಗೆ ಕಾಗದ ಇದ್ದಾ ಅಂತ ನೋಡಕ್ಕು, ರೂಲು. ನೋಡ್ತಾ ನೋಡ್ತಾ ಓದಿ ಹೋತು."

ಸುಮ್ನೆ ಮನೆಗೆ ಬಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಹೊಳೆಯಿತು: ನನ್ನ ಕತೆಯನ್ನು ಕೊನೆಯ ಸಾಲಿನವರೆಗೆ ಓದಿದ್ದಾರೆ ಅಂತ ಖಾತ್ರಿಯಿದ್ದದ್ದು ಅವರೊಬ್ಬರದೇ. ಸೂರ್ಯನನ್ನೂ ಹಕ್ಕಿಯನ್ನೂ ಕಿತ್ತು ಹಾಕಿದೆ. ಲಕೋಟೆ ಹಗುರಾಯಿತು. ಈ ಸಲ ಕತೆ ವಾಪಸ್ ಬರಲಿಲ್ಲ, ಪತ್ರಿಕೆ ಬಂತು. ಆಮೇಲೆ ಅದೇ ಜಗಲಿಗೆ ಐವತ್ತು ರೂಪಾಯಿಯ ಮನಿಯಾರ್ಡರ್. ಮಾಸ್ತರರು ನೋಟುಗಳನ್ನು ಎರಡೆರಡು ಸಲ ಎಣಿಸಿ, "ಇಲ್ಲಿ ಸಹಿ ಹಾಕು" ಅಂದರು. ಮತ್ತೇನೂ ಇಲ್ಲ.

ಹತ್ತು ವರ್ಷ ಬಿಟ್ಟು ಮೊದಲ ಪುಸ್ತಕ ಬಂತು. ಲೇಖಕನ ಮಾತಿನಲ್ಲಿ ಇಪ್ಪತ್ತಮೂರು ಜನರನ್ನು ನೆನೆದಿದ್ದೇನೆ. ಓದದೆಯೇ "ಚೆನ್ನಾಗಿದೆ" ಅಂದವರೂ ಅದರಲ್ಲಿದ್ದಾರೆ. ಮಾಸ್ತರರಿಲ್ಲ. ಮರೆತದ್ದಲ್ಲ, ನಾಚಿಕೆ. ನನ್ನ ಕತೆ ತಿದ್ದಿದ್ದು ಅಂಚೆ ಜಗಲಿಯಲ್ಲಿ ಅಂತ ಹೇಳಿಕೊಳ್ಳುವುದು ಹೇಗೆ? ಸಂಪಾದಕರೋ ಪ್ರೊಫೆಸರರೋ ತಿದ್ದಿದರು ಅಂದರೆ ಒಂದು ತೂಕ, ಅಲ್ವಾ?

ಇಂಥ ತೂಕ ನೋಡುವವನು ನಾನೊಬ್ಬನೇ ಅಲ್ಲ ಬಿಡಿ. ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿಯ ಮಾತು ಬಂದರೆ ಎಲ್ಲರೂ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಹೆಸರು ಹೇಳುತ್ತಾರೆ. ಸರಿಯೇ, ಪ್ರಕಾಶಕರಿಗೆ ಶಿಫಾರಸು ಮಾಡಿದ್ದು ಅವರೇ. ಆದರೆ ಗ್ರೀನ್ ಕೈಗೆ ಹಸ್ತಪ್ರತಿ ಮುಟ್ಟಿಸಿದವರು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ. ಒಬ್ಬೊಬ್ಬರೇ ಪ್ರಕಾಶಕರು ತಿರಸ್ಕರಿಸಿ, ಬೇಸತ್ತ ನಾರಾಯಣ್ ಮೈಸೂರಿನಿಂದ ಅವರಿಗೆ ಬರೆದಿದ್ದರಂತೆ: ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಅಂತ. ಪೂರ್ಣ ಹಾಕಲಿಲ್ಲ. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು. ಗ್ರೀನ್ ಇಲ್ಲದ ನಾರಾಯಣ್ ಕತೆಯನ್ನು ಯಾರೂ ಹೇಳುವುದಿಲ್ಲ. ಪೂರ್ಣ ಇಲ್ಲದ್ದನ್ನು ಎಷ್ಟೋ ಸಲ ಕೇಳಿದ್ದೇನೆ.

ಎರಡನೇ ಪುಸ್ತಕವನ್ನು ಮಾಸ್ತರರಿಗೇ ಅರ್ಪಣೆ ಮಾಡಿದೆ. ಮೊದಲ ಹಾಳೆ ತಿರುಗಿಸಿದರೆ ಸಿಗುವ ಪುಟದಲ್ಲಿ, ಒಳ್ಳೆ ದಪ್ಪ ಅಕ್ಷರದಲ್ಲಿ. ದೀಪಾವಳಿಗೆ ಊರಿಗೆ ಹೋದಾಗ ಪುಸ್ತಕವನ್ನು ಲಕೋಟೆಗೆ ಹಾಕಿ, ಬಾಯಿ ಅಂಟಿಸದೆ ಒಯ್ದೆ. ಜಗಲಿಯಲ್ಲಿ ಈಗ ಮೇಜಿಲ್ಲ. ಕಿವಿ ಸ್ವಲ್ಪ ಮಂದ, ಕಣ್ಣು ಪರವಾಗಿಲ್ಲ. ಲಕೋಟೆಯ ಬಾಯಿ ನೋಡಿ ನಕ್ಕರು. ಪುಸ್ತಕ ಹೊರಗೆಳೆದರು. ಹೆಬ್ಬೆರಳಿಗೆ ಉಗುಳು ಹಚ್ಚಿ, ಮೊದಲಿನ ಹಾಳೆಗಳನ್ನು ಒಟ್ಟಿಗೆ ಎತ್ತಿ ಆಚೆ ಹಾಕಿ, ನೇರ ಕತೆಯಿಂದಲೇ ಓದಲು ಶುರು ಮಾಡಿದರು.