ಮೊದಲಿಗೆ ಏರ್ ರೈಫಲ್ಲೇ ಸಾಕು
ಗುರಿ ಹೊಡೆಯಲು ಕಲಿಯುವವರು ಮೊದಲ ರೈಫಲ್ಲಾಗಿ .22 (ನಳಿಗೆ ಸುಮಾರು 0.22 ಇಂಚಿನ, ಮದ್ದುಗುಂಡಿನ ರೈಫಲ್) ತಗೊಳ್ಳಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದಕ್ಕೆ ಲೈಸೆನ್ಸ್ ಬೇಕು, ಗುಂಡಿನ ಖರ್ಚೂ ಜಾಸ್ತಿ. ಸುಮ್ನೆ ಗುರಿ ಹೊಡೆದು ಕಲಿಯುವವರಿಗೆ ಗಾಳಿಯ ಒತ್ತಡದಿಂದ ಹೊಡೆಯುವ .177 (0.177 ಇಂಚು ನಳಿಗೆಯ) ಏರ್ ರೈಫಲ್ ಸಾಕು. 2016ರ ಆಯುಧ ನಿಯಮದಂತೆ ಅದರ ಶಕ್ತಿ 20 ಜೌಲ್ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದೂ .177ರಲ್ಲೇ, 10 ಮೀಟರ್ ದೂರದಿಂದ.

ಕೊಪ್ಪಳದಲ್ಲಿ ನಾನು ಸ್ಪ್ರಿಂಗ್ ರೈಫಲ್ಲಿನಿಂದ (ಒಳಗಿನ ಸ್ಪ್ರಿಂಗ್ ಗಾಳಿಯನ್ನು ಒತ್ತುವ ಏರ್ ರೈಫಲ್) ಶುರು ಮಾಡಿದೆ. ಬಿಗಿಯಾಗಿ ಹಿಡಿದಷ್ಟೂ ಗುರಿ ಚದುರುತ್ತದೆ, ಅಂಗೈ ಮೇಲೆ ಹಗುರವಾಗಿ ಇಟ್ಟುಕೊಳ್ಳಿ. ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಹಾಕದೆ ಖಾಲಿ ಹೊಡೆಯಬೇಡಿ, ಒಳಗಿನ ಸೀಲು ಹಾಳಾಗುತ್ತದೆ. ಗುರಿಯ ಕಾಗದಕ್ಕೆ ಚಪ್ಪಟೆ ತಲೆಯ ಪೆಲೆಟ್ ಚೆನ್ನ, ತೂತು ದುಂಡಗೆ ಬೀಳುತ್ತದೆ.

ನಮ್ಮ ಕಡೆ ಎಲ್ಲಿ ನೋಡಿದರೂ ಬಂಡೆ, ಅಲ್ವಾ? ಗುರಿಯ ಕಾಗದವನ್ನು ಬಂಡೆಗೆ ಒರಗಿಸಿ ಇಡಲೇಬೇಡಿ, ಪೆಲೆಟ್ ತಿರುಗಿ ಬರುತ್ತದೆ. ಗುರಿಯ ಹಿಂದೆ ಹಳೆ ಬಟ್ಟೆ ತುಂಬಿದ ಪೆಟ್ಟಿಗೆ ಇಡಿ, ಅದರ ಹಿಂದೆ ದಪ್ಪ ಹಲಗೆ ಇರಲಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು.